ಪ್ಲಾಸ್ಟಿಕ್ ಹೊದ್ದ ಪಾಸ್‌ಪೋರ್ಟು

ಬ್ಯಾಂಕಾಕ್ ಪಕ್ಕದ ಮಹಾಛಾಯ್‌ನಲ್ಲಿ, ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಟಿನ್ ಶೇನ್ ಹತ್ತೊಂಬತ್ತು ವರ್ಷ ಸವೆಸಿದ್ದ. ಬರ್ಮಾದ ಮುಡೋನ್ ಕಡೆಯವನು. ಮೊದಲ ಹತ್ತು ವರ್ಷ ಅವನಿಗೆ ಯಾವ ಕಾಗದವೂ ಇರಲಿಲ್ಲ. ಆಮೇಲೆ ಪಾಸ್‌ಪೋರ್ಟು ಬಂತು. ಬಂದದ್ದು ಅವನ ಕೈಗಲ್ಲ, ಮಾಲಕಿಯ ಮೇಜಿನ ಡ್ರಾಯರಿಗೆ.

ಮಾಲಕಿಯನ್ನು ಎಲ್ಲರೂ ಜೇ ಎನ್ನುತ್ತಿದ್ದರು. ಅಕ್ಕ ಎಂದಂತೆ. ಅಕ್ಕತನ ಅಷ್ಟಕ್ಕೇ ಮುಗಿಯುತ್ತಿತ್ತು.

"ನನ್ ಹತ್ರ ಇದ್ರೆ ಭದ್ರ ಕಣಪ್ಪ. ನಿಮ್ ಕೈಗೆ ಕೊಟ್ರೆ ಸಿಗಡಿ ನೀರಲ್ಲಿ ವಾರಕ್ಕೇ ಕೊಳ್ತು ನಾರುತ್ತೆ" ಎನ್ನುತ್ತಿದ್ದಳು.

ಯಾರಿಗೆ ಭದ್ರ ಎಂಬುದು ಶೆಡ್ಡಿನ ಬೆಕ್ಕಿಗೂ ಗೊತ್ತಿತ್ತು. ಪಾಸ್‌ಪೋರ್ಟು ಡ್ರಾಯರಿನಲ್ಲಿದ್ದರೆ ಆಳು ಪಕ್ಕದ ಶೆಡ್ಡಿಗೆ ಜಿಗಿಯುವ ಹಾಗಿಲ್ಲ, ಬೈದರೆ ತಿರುಗಿ ಬೀಳುವ ಹಾಗಿಲ್ಲ. ಆಳುಗಳ ಜೇಬಿನಲ್ಲಿ ಇರುತ್ತಿದ್ದದ್ದು ಬರೀ ಜೆರಾಕ್ಸು.

ಆ ಜೆರಾಕ್ಸು ಹಿಡಿದುಕೊಂಡೇ ಅವನು ಒಂದು ಭಾನುವಾರ ಸಂತೆಗೆ ಹೋದದ್ದು. ಪೊಲೀಸಿನವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಪಾಸ್‌ಪೋರ್ಟಲ್ಲ, ಪಾಸ್‌ಪೋರ್ಟಿನ ನೆರಳು. ಅಸಲಿ ಎಲ್ಲಿ?" ಎಂದ.

"ಮಾಲಕಿ ಹತ್ರ ಐತೆ ಸ್ವಾಮಿ."

"ಹಾಗಾದ್ರೆ ಮಾಲಕಿ ಬರೋವರೆಗೂ ಇಲ್ಲೇ ಕೂತಿರು."

ನಾಲ್ಕು ಗಂಟೆ ಬಿಸಿಲಿನಲ್ಲಿ, ಚರಂಡಿಯ ಕಟ್ಟೆಯ ಮೇಲೆ. ಹೋಗುವವರು ಬರುವವರು ಕಳ್ಳನನ್ನು ನೋಡಿದ ಹಾಗೆ ನೋಡಿದರು. ಜೇ ಬಂದು ಬಿಡಿಸಿಕೊಂಡು ಹೋದಳು, ಕಳೆದ ಕೊಡೆಯನ್ನು ಬಿಡಿಸಿಕೊಂಡು ಹೋಗುವ ಹಾಗೆ.

ಅದೇ ವಾರ ಊರಿನಿಂದ ಹೆಂಡತಿ ಖಿನ್ ಥೇನ್ ಫೋನು ಮಾಡಿದಳು. ಹನ್ನೊಂದು ವರ್ಷದ ಮಗನಿಗೆ ಕಾವಿ ತೊಡಿಸಿ ವಿಹಾರಕ್ಕೆ ಬಿಡುವ ದಿನ ಗೊತ್ತಾಗಿತ್ತು. ಟಿನ್ ಶೇನ್ ಕೊನೆಯ ಸಲ ಗಡಿ ಕದ್ದು ದಾಟಿ ಊರಿಗೆ ಹೋಗಿದ್ದಾಗ ಆ ಮಗ ಇನ್ನೂ ತೊಟ್ಟಿಲಲ್ಲಿದ್ದ. ತಲೆ ಬೋಳಿಸುವಾಗ ಕೂದಲು ನೆಲಕ್ಕೆ ಬೀಳದಂತೆ ಅಪ್ಪ ಅಮ್ಮ ಬಿಳಿ ಬಟ್ಟೆ ಹಿಡಿಯಬೇಕು.

"ಒಂದು ತುದಿ ನಾನ್ ಹಿಡೀತೀನಿ. ಇನ್ನೊಂದು ತುದಿ ಯಾರು ಹಿಡೀಬೇಕು? ನಿಮ್ ಫೋಟೋನಾ?" ಎಂದಳು.

ಟಿನ್ ಶೇನ್ ನೆಟ್ಟಗೆ ಜೇಯ ಮೇಜಿನ ಮುಂದೆ ಹೋಗಿ ನಿಂತ. ಕೈಗವಸನ್ನೂ ತೆಗೆದಿರಲಿಲ್ಲ, ಸಿಗಡಿ ನೀರು ಅವಳ ಲೆಕ್ಕದ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು.

"ಜೇ, ಅದರೊಳಗಿರೋ ಮುಖ ನಂದು, ನಿಮ್ದಲ್ಲ. ಕೊಡಿ."

"ಕೊಡ್ದಿದ್ರೆ?"

"ಡ್ರಾಯರನ್ನೇ ಹೊತ್ಕೊಂಡು ಹೋಗ್ತೀನಿ!"

ಅವನ ಕೂಗಿಗೆ ಅರವತ್ತು ಚಾಕು ಒಟ್ಟಿಗೆ ನಿಂತವು. ಜೇ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಎಸೆದಳು. "ತಗೊಂಡ್ ಸಾಯಿ. ಒಂದ್ ತಿಂಗ್ಳು ಒದ್ದೆ ಆಗ್ದೆ ಇಟ್ಕೊ, ನೋಡೋಣ ನಿನ್ ಗಂಡಸ್ತನ!"

ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ನೀರಿನಲ್ಲೇ ಬಾಳುವ ಜನ ಅವರು. ಮಕ್ಕಳ ಫೋಟೋ, ಬುದ್ಧನ ಪಟ, ಊರಿನ ಫೋನ್ ನಂಬರು ಬರೆದ ಚೀಟಿ, ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸುತ್ತಿದ್ದರು. ಟಿನ್ ಶೇನ್ ಮಾರುಕಟ್ಟೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಫೋಟೋ ಇರುವ ಹಾಳೆಗೂ ವೀಸಾ ಹಾಳೆಗೂ ಪ್ಲಾಸ್ಟಿಕ್ ಹೊದಿಸಿ ಇಸ್ತ್ರಿ ಹಾಕಿಸಿದ.

ಜೊತೆಗೆ ಕೆಲಸ ಮಾಡುವ ಓನ್ ಲ್ವಿನ್‌ಗೆ ಒಂದು ಕಾಗದವೂ ಇರಲಿಲ್ಲ, ಆದರೆ ನಾಲಿಗೆ ಇತ್ತು. "ಏನಣ್ಣ, ಪಾಸ್‌ಪೋರ್ಟಿಗೂ ರೇನ್‌ಕೋಟಾ?"

"ಉರ್ಕೊಳೋರು ಉರ್ಕೊಳ್ಳಿ" ಎಂದ ಟಿನ್ ಶೇನ್. ಜೇಯ ಕಣ್ಣೆದುರೇ ಆ ಹಾಳೆಯನ್ನು ಬಕೆಟ್ಟಿನಲ್ಲಿ ಅದ್ದಿ, ಎತ್ತಿ, ಕೊಡವಿ ತೋರಿಸಿದ. "ನೋಡಿ ಜೇ. ಕೊಳೀತಾ?"

ಹೊಸ ವರ್ಷದ ನೀರು ಹಬ್ಬ ಮುಗಿದ ವಾರ ಇಬ್ಬರೂ ಗಡಿಯ ಬಸ್ಸು ಹತ್ತಿದರು. ಮೇ ಸಾಟ್‌ನಲ್ಲಿ ಇಳಿದದ್ದೇ, ಕಾಗದವಿಲ್ಲದ ಓನ್ ಲ್ವಿನ್ ದೋಣಿ ಹಿಡಿಯಲು ಗಡಿಯ ಹೊಳೆಯ ಕಡೆಗೆ ಹೋದ. ಟಿನ್ ಶೇನ್ ಇಸ್ತ್ರಿ ಹಾಕಿದ ಅಂಗಿಯಲ್ಲಿ ಸೇತುವೆಯ ಮೇಲೆ ಸಾಲಿನಲ್ಲಿ ನಿಂತ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ತಲೆಯೆತ್ತಿ ಗಡಿ ದಾಟಲಿದ್ದ.

ಕಿಟಕಿಯೊಳಗಿನ ಅಧಿಕಾರಿ ಹಾಳೆಯನ್ನು ಯಂತ್ರಕ್ಕೆ ತೋರಿಸಿದ. ಯಂತ್ರ ಓದಲಿಲ್ಲ. ಬಗ್ಗಿಸಿ ನೋಡಿದ. "ಇದಕ್ಕೇನು ಮಾಡಿದೀಯ?"

"ನೀರು ತಾಗಬಾರದು ಅಂತ ಸ್ವಾಮಿ. ಸಿಗಡಿ ಕೆಲಸ..."

ಅಧಿಕಾರಿ ಅಂಚನ್ನು ಉಗುರಿನಿಂದ ಕೆದಕಿ ಎಳೆದ. ಪ್ಲಾಸ್ಟಿಕ್ಕಿನ ಜೊತೆ ಟಿನ್ ಶೇನ್‌ನ ಅರ್ಧ ಮುಖ ಕಿತ್ತು ಬಂತು. ಒಂದು ಕಣ್ಣು, ಒಂದು ಕಿವಿ ಮಾತ್ರ ಪುಸ್ತಕದಲ್ಲಿ ಉಳಿದವು.

"ತಿದ್ದಿರೋ ಪಾಸ್‌ಪೋರ್ಟು. ಇದು ಇಲ್ಲೇ ಇರುತ್ತೆ. ವಾಪಸ್ ಬ್ಯಾಂಕಾಕಿಗೆ ಹೋಗಿ ನಿಮ್ಮ ರಾಯಭಾರ ಕಚೇರೀಲಿ ಹೊಸದು ಮಾಡಿಸ್ಕೊ. ಮೂರು ತಿಂಗಳಾಗುತ್ತೆ."

"ಸ್ವಾಮಿ, ನಾಡಿದ್ದು ನನ್ನ ಮಗನಿಗೆ ಕಾವಿ ಕೊಡ್ತಾರೆ."

ಅಧಿಕಾರಿಯ ಕೊರಳಲ್ಲೂ ಬುದ್ಧನ ತಾಯಿತವಿತ್ತು. ಅದನ್ನು ಮುಟ್ಟಿಕೊಂಡು, "ಪುಣ್ಯದ ಕೆಲಸ. ಮುಂದಿನವರು ಬನ್ನಿ" ಎಂದ.

ಟಿನ್ ಶೇನ್ ಸೇತುವೆಯ ಕಟಕಟೆಗೆ ಒರಗಿ ಕೆಳಗೆ ನೋಡಿದ. ಹೊಳೆಯಲ್ಲಿ ದೋಣಿಗಳು ಓಡಾಡುತ್ತಿದ್ದವು. ಗ್ಯಾಸ್ ಸಿಲಿಂಡರು, ಹಳೇ ಫ್ರಿಜ್ಜು, ಬುಟ್ಟಿ ತುಂಬ ಕೋಳಿ, ಬುಟ್ಟಿಗಳ ನಡುವೆ ಜನ. ಹಾಡಹಗಲು, ಸೇತುವೆಯ ನೆರಳಿನಲ್ಲೇ. ಯಾವ ಕೋಳಿಯನ್ನೂ ಯಾರೂ ಹೆಸರು ಕೇಳುತ್ತಿರಲಿಲ್ಲ.

ಅವನು ಕೆಳಗಿಳಿದು ಬಂದಾಗ ಓನ್ ಲ್ವಿನ್ ಎಲೆಯಡಿಕೆ ಜಗಿಯುತ್ತ ಕೂತಿದ್ದ. "ಯಾಕಣ್ಣ, ರಾಜಮಾರ್ಗ ಮುಗೀತಾ?" ಎಂದವನು ಮುಖ ನೋಡಿ ಉಗುಳಿ ಎದ್ದ. "ಬಾ, ದೋಣಿ ಐತೆ. ಐದು ನಿಮಿಷ."

"ಇದರಲ್ಲಿ ಹೋದ್ರೆ ಕಳ್ಳನ ಹಾಗೇ ವಾಪಸ್ ಬರ್ಬೇಕು ಕಣೋ. ಬ್ಯಾಂಕಾಕಿಗೆ ಹೋಗಿ ಮೂರು ತಿಂಗಳು ಕಾದ್ರೆ ಹೊಸದು ಸಿಗುತ್ತೆ."

"ಸಿಗುತ್ತೆ. ಅಲ್ಲೀವರೆಗೆ ನಿನ್ ಮಗನ ಕೂದಲು ನಿಂತಿರುತ್ತಾ?"

ಟಿನ್ ಶೇನ್ ಜೇಗೆ ಬೈದ, ಅಧಿಕಾರಿಗೆ ಬೈದ, ಜೆರಾಕ್ಸ್ ಅಂಗಡಿಯವನ ಅಮ್ಮನಿಗೆ ಬೈದ. ಕೊನೆಗೆ ತನ್ನ ಬುದ್ಧಿಗೇ ಬೈದುಕೊಂಡು ಕೋಳಿ ಬುಟ್ಟಿಗಳ ನಡುವೆ ಕೂತ.

ಮೂರನೆಯ ದಿನ ಅವನು ಬಿಳಿ ಬಟ್ಟೆಯ ತುದಿ ಹಿಡಿದು ಮಂಡಿಯೂರಿದ್ದ. ಕೂದಲು ಉದುರಿತು. ಮಗ ಉದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದ.

ಹಿಂದಿರುಗುವಾಗ ರಸ್ತೆಯ ಪೊಲೀಸ್ ಗೇಟು ತಪ್ಪಿಸಲು ದಲ್ಲಾಳಿಯ ಹಿಂದೆ ಕಾಡಿನಲ್ಲಿ ನಾಲ್ಕು ದಿನ ನಡೆದ. ಕಾಲಿನ ಎರಡು ಉಗುರು ಹೋದವು. ಜೇ ಅವನನ್ನು ನೋಡಿ ಬೈಯಲಿಲ್ಲ, ನಗಲೂ ಇಲ್ಲ. ಹಿಂದಿನ ಶೆಡ್ಡಿಗೆ ಹೋಗು ಎಂದು ಕೈ ತೋರಿಸಿದಳು. ಅಲ್ಲಿ ಕಿಟಕಿ ಇಲ್ಲ, ಕೂಲಿ ಅರ್ಧ. ಇನ್ನು ಅವಳಿಗೆ ಡ್ರಾಯರೂ ಬೇಡ, ಬೀಗವೂ ಬೇಡ. ಅವನು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ತಪಾಸಣೆಯವರು ಬಂದರೆ ಕಾಗದವಿಲ್ಲದವರನ್ನೆಲ್ಲ ಐಸ್ ಕೋಣೆಗೆ ತಳ್ಳಿ ಬಾಗಿಲು ಹಾಕುತ್ತಿದ್ದರು. ಮೊನ್ನೆಯೂ ಹಾಗೇ ಆಯಿತು. ಸಿಗಡಿ ಕ್ರೇಟುಗಳ ಸಂದಿಯಲ್ಲಿ ಟಿನ್ ಶೇನ್, ಅವನ ಬೆನ್ನಿಗೆ ಬೆನ್ನು ಕೊಟ್ಟು ಓನ್ ಲ್ವಿನ್.

"ಕೇಳೋದೇ ಮರ್ತೆ ಅಣ್ಣ" ಎಂದ ಓನ್ ಲ್ವಿನ್, ಹಲ್ಲು ಕಟಕಟ ಎನ್ನುತ್ತಿತ್ತು. "ಬಟ್ಟೆ ಹಿಡ್ದಾಗ ಮಗ ಏನಂದ?"

"ಏನೂ ಅನ್ಲಿಲ್ಲ. ಎಲ್ಲಾ ಆದ್ಮೇಲೆ ಅವರಮ್ಮನ್ನ ಕೇಳಿದ್ನಂತೆ, ಆ ಕಡೆ ಹಿಡ್ಕೊಂಡಿದ್ದೋರು ಯಾರು ಅಂತ."

ಓನ್ ಲ್ವಿನ್ ಕತ್ತು ತಿರುಗಿಸಿದ. "ಅವಳೇನು ಹೇಳಿದ್ಲು?"

"ಬಾಯ್ ಮುಚ್ಚೋ. ಹೊರಗೆ ಬೂಟಿನ ಸದ್ದು."