ಮುದ್ದಮ್ಮನ ಮೇಲೆ ಬಂದ ಮಾತು

೧೯೪೩ರಲ್ಲಿ ಸೋಮನಹಳ್ಳಿಯ ಮುದ್ದಮ್ಮನ ಮೈದುನ ಕರಿಯಯ್ಯ ಒಂದು ಬೆಳಿಗ್ಗೆ ಎದ್ದಾಗ ಕಣ್ಣು ಬಿಡಲಾಗದಷ್ಟು ಮುಖ ಊದಿತ್ತು. ಉಚ್ಚೆ ಮಾಂಸ ತೊಳೆದ ನೀರಿನ ಹಾಗೆ ಬರುತ್ತಿತ್ತು. ಹಿಂದಿನ ದಿನ ಅವನು ಅತ್ತಿಗೆಯ ಮನೆಯಲ್ಲಿ ಉಂಡಿದ್ದ. ಆ ವರ್ಷವೇ ಅಣ್ಣತಮ್ಮಂದಿರು ಭಾಗವಾಗಿದ್ದರು. ಬಾವಿ ಕಡೆಯ ಹೊಲ ಕರಿಯಯ್ಯನ ಪಾಲಿಗೆ ಹೋಯಿತೆಂದು ಮುದ್ದಮ್ಮ ಬೀದಿಯಲ್ಲಿ ನಿಂತು ಜಗಳವಾಡಿದ್ದಳು. ಕರಿಯಯ್ಯನ ಜೊತೆಗಿದ್ದ ತಾಯಿ ಚಿಕ್ಕನಂಜಮ್ಮನಿಗೆ ಇಷ್ಟು ಸಾಕಾಯಿತು. ಹಿರಿಸೊಸೆ ಊಟದಲ್ಲಿ ಮದ್ದಿಕ್ಕಿದ್ದಾಳೆ ಎಂದಳು.

ಮಧ್ಯಾಹ್ನದೊಳಗೆ ಊರೆಲ್ಲ ಅದೇ ಮಾತು. ಬಾವಿಯ ಹತ್ತಿರ ಹೆಂಗಸರು ಮುದ್ದಮ್ಮನನ್ನು ಕಂಡು ಕೊಡ ಪಕ್ಕಕ್ಕೆ ಸರಿಸಿಕೊಂಡರು. ಗಂಡ ಬೆಟ್ಟಯ್ಯ ಕೂಡ ಅವಳ ಮುಖವನ್ನೇ ದಿಟ್ಟಿಸಿ ನೋಡಿ, ಏನೂ ಕೇಳದೆ ಎದ್ದುಹೋದ. ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೆ.

ಕರಿಯಯ್ಯನನ್ನು ಮದ್ದು ಕಕ್ಕಿಸುವವನ ಬಳಿಗೆ ಒಯ್ಯಲು ಗಾಡಿ ಕಟ್ಟಿದಾಗ ಮುದ್ದಮ್ಮ ಎತ್ತಿನ ಮುಂದೆ ನಿಂತಳು.

"ಮದ್ದೂರು ಡಾಕ್ಟ್ರ ತಾವ ಓಗ್ಲಿ. ನಾನೂ ಬತ್ತೀನಿ. ಮದ್ದು ಅಂತ ಅವ್ರಂದ್ರೆ ಅಲ್ಲೇ ನನ್ನ ಪೊಲೀಸ್ರಿಗೆ ಇಡ್ಕೊಡಿ."

ಗಾಡಿ ಮದ್ದೂರಿನ ಕಡೆ ತಿರುಗಿತು. ಡಾಕ್ಟರು ಕರಿಯಯ್ಯನ ಉಚ್ಚೆಯನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿದರು. ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿತು. ಆಮೇಲೆ ಕರಿಯಯ್ಯನ ಪಂಚೆ ಸರಿಸಿ ಕಾಲು ನೋಡಿ, ಈ ಕಜ್ಜಿ ಎಷ್ಟು ದಿನದ್ದು ಎಂದು ಕೇಳಿದರು. ಕೀವಾಗಿ ಮೂರು ವಾರವಾಗಿತ್ತು.

ಯಾರೂ ಏನೂ ಇಕ್ಕಿಲ್ಲ ಎಂದರು ಅವರು. ಕಜ್ಜಿಯ ಕೀವಿನ ಮೇಲೆ ಕಾದಾಡಲು ರಕ್ತದಲ್ಲಿ ಬಿಳಿ ಕಣಗಳಿವೆ. ಅವೇ ಮೂತ್ರಪಿಂಡಕ್ಕೆ ನುಗ್ಗಿ ಅದನ್ನು ಊದಿಸಿವೆ, ಅದಕ್ಕೇ ಮುಖ ಊದಿ ಉಚ್ಚೆಯಲ್ಲಿ ರಕ್ತ ಬರುತ್ತಿದೆ.

ಚಿಕ್ಕನಂಜಮ್ಮ ನಂಬಲಿಲ್ಲ. "ಮೈ ಕಾಯೋವೇ ಮೈನ ಕೆಡಿಸ್ತವಾ ಸ್ವಾಮಿ?"

"ಒಂದೊಂದ್ಸಲ ಕೆಡಿಸ್ತವೆ ಕಣಮ್ಮ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

ಗೊತ್ತಿಲ್ಲ ಅಂದದ್ದನ್ನೇ ಅವಳು ಹಿಡಿದುಕೊಂಡಳು. ಸೊಸೆ ಡಾಕ್ಟರಿಗೆ ಮೊದಲೇ ಹೇಳಿಟ್ಟಿದ್ದಾಳೆ ಎಂದು ದಾರಿಯುದ್ದಕ್ಕೂ ಗೊಣಗಿದಳು. ಆದರೂ ಡಾಕ್ಟರ ಮಾತಿನಂತೆ ಮಗನಿಗೆ ಉಪ್ಪಿಲ್ಲದ ಗಂಜಿ ಕೊಟ್ಟು, ಹೇಳಿದಷ್ಟು ದಿನ ಮಲಗಿಸಿದಳು. ಮುದ್ದಮ್ಮ ಹೊಸಿಲು ದಾಟಿ ಒಳಗೆ ಬರದಂತೆ ತಾನೇ ಬಾಗಿಲಲ್ಲಿ ಕೂತು ಕಾವಲು ಕಾದಳು.

ತಿಂಗಳೊಳಗೆ ಊತ ಇಳಿದು ಉಚ್ಚೆ ತಿಳಿಯಾಯಿತು. ಕರಿಯಯ್ಯ ಅಣ್ಣನ ಮನೆಗೆ ಬಂದು ತಲೆತಗ್ಗಿಸಿ ಕೂತ.

"ನಾನೂ ನಿನ್ ಮ್ಯಾಲೆ ಅನುಮಾನ ಪಟ್ಟೆ ಕಣತ್ತಿಗೆ," ಎಂದ.

"ಗೊತ್ತು," ಎಂದಳು ಮುದ್ದಮ್ಮ.

ಊರಿನ ಮಕ್ಕಳ ಮೈಮೇಲೂ ಅಂಥದೇ ಕಜ್ಜಿಯಿತ್ತು; ಅವಳು ಕೈಕಟ್ಟಿ ಕೂರಲಿಲ್ಲ. ಡಾಕ್ಟರಿಂದ ಗಂಧಕದ ಮುಲಾಮು ತಂದು, ಮೊದಲು ತನ್ನ ಮಗಳ ಕಜ್ಜಿಯನ್ನು ಬೇವಿನ ನೀರಲ್ಲಿ ತೊಳೆದು ಹಚ್ಚಿದಳು. ಅದು ಒಣಗಿದ್ದನ್ನು ಕಂಡ ಹೆಂಗಸರು ಒಬ್ಬೊಬ್ಬರೇ ಮಕ್ಕಳನ್ನು ಕರೆತರತೊಡಗಿದರು. ಮೊದಮೊದಲು ಅವಳ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದವರು ಬರಬರುತ್ತ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವಂತಾದರು. ಅತ್ತೆ ಮಾತ್ರ ಸಾಯುವತನಕ ಅವಳ ಕೈಯಿಂದ ಒಂದು ಲೋಟ ನೀರನ್ನೂ ಕುಡಿಯಲಿಲ್ಲ.