ತೀರ್ಥ ಕುಡಿದ ಡ್ರಮ್ಮು

ನಾನು ಚಿಕ್ಕವಳಿದ್ದಾಗ ಒಂದು ಸಲ ಡ್ರಮ್ಮಿಗೆ ತೀರ್ಥ ಕುಡಿಸಿದ್ದೆ. ನಗಬೇಡಿ ಮಕ್ಕಳೇ, ಅವತ್ತು ನನಗೆ ಅಳುವೇ ಬಂದಿತ್ತು.

ಆಗ ನಮ್ಮ ಮನೆ ಬೈಲಹೊಂಗಲದಲ್ಲಿ. ಅಪ್ಪ ಜಾಜ್ ಬಾರಿಸುತ್ತಿದ್ದ. ನಮ್ಮ ಕಡೆಯ ನಾಟಕದವರು ಡ್ರಮ್ ಸೆಟ್ಟಿಗೇ ಜಾಜ್ ಎನ್ನುತ್ತಾರೆ. ಜಾಜ್ ಎಂಬುದು ದೂರದೇಶದ ಒಂದು ಸಂಗೀತ ಎಂದು ಊರಲ್ಲಿ ಗೊತ್ತಿದ್ದದ್ದು ಅಪ್ಪನೊಬ್ಬನಿಗೇ. ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಗೋವಾದ ಮುದುಕರೊಬ್ಬರ ಬಳಿ ಅದನ್ನು ಕಲಿತು, ಅವರ ಹಳೆಯ ಸೆಟ್ಟನ್ನೇ ಕೊಂಡು ತಂದಿದ್ದ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಚರ್ಮ ಬಿಗಿದ ಸಣ್ಣ ಡ್ರಮ್, ಒಂದು ಹಿತ್ತಾಳೆ ತಟ್ಟೆ. ಮನೆಯೆಲ್ಲ ಹಳೆ ಚರ್ಮದ, ಹಿತ್ತಾಳೆಗೆ ತಿಕ್ಕಿದ ಹುಣಸೆಹಣ್ಣಿನ ವಾಸನೆ.

ಅವತ್ತು ಸಂಗೊಳ್ಳಿಯಲ್ಲಿ ನಾಟಕದ ತಾಲೀಮು ಇತ್ತು. ಸುತ್ತಲಿನ ಊರುಗಳ ನಾಟಕಗಳಿಗೆಲ್ಲ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಮಾಸ್ತರರು ಅಪ್ಪನ ಕೈ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಆ ವರ್ಷದ ನಾಟಕಗಳಿಗೆಲ್ಲ ಅಪ್ಪನೇ. ಒಪ್ಪದಿದ್ದರೆ ಡ್ರಮ್ ಮಾರಿ ಹತ್ತಿ ಅಂಗಡಿಯ ಕೆಲಸಕ್ಕೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು.

ಹೊರಡುವ ಮೊದಲು ವಾದ್ಯದ ಪೂಜೆ. ಅಕ್ಕ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದಳು. ಅಪ್ಪ ಹಿತ್ತಲಲ್ಲಿ ದಾಡಿ ಮಾಡಿಕೊಳ್ಳುತ್ತಿದ್ದ. ಡ್ರಮ್ಮಿಗೆ ಸುತ್ತಲು ಅಕ್ಕ ಹಳೆಬಟ್ಟೆ ಹೊಲಿದ ಕೌದಿ ತರಲು ಒಳಗೆ ಹೋದಾಗ ನಾನು ಯೋಚಿಸಿದೆ: ಎಲ್ಲರಿಗೂ ತೀರ್ಥ ಕೊಡುತ್ತೇವೆ, ಪಾಪ ಡ್ರಮ್ಮಿಗೆ? ತೀರ್ಥಕ್ಕೆಂದು ಬಟ್ಟಲಿನಲ್ಲಿ ಹಿಡಿದಿದ್ದ ಕಾಯಿನೀರನ್ನೆಲ್ಲ ಸಣ್ಣ ಡ್ರಮ್ಮಿನ ಮೇಲೆ ಸುರಿದು, ಅಂಗೈಯಿಂದ ಚೆನ್ನಾಗಿ ಸವರಿದೆ. ಚರ್ಮ ಅದನ್ನು ಹೀರಿಕೊಂಡಿತು. ಅಕ್ಕ ನೋಡದೆ ಕೌದಿ ಸುತ್ತಿದಳು. ಡ್ರಮ್ಮುಗಳನ್ನು ಬಸ್ಸಿನ ಮೇಲೆ ಹೇರಿ ಮೂವರೂ ಹೊರಟೆವು.

ಸಂಗೊಳ್ಳಿಯ ಒಬ್ಬ ಗೌಡರ ಪಡಸಾಲೆಯಲ್ಲಿ ಕೌದಿ ಬಿಚ್ಚಿ, ಅಪ್ಪ ಕೋಲು ಬಡಿದ. 'ಟರ್ರ್' ಎನ್ನಬೇಕಾದ ಡ್ರಮ್ಮು 'ಬದ್' ಎಂದಿತು.

ಮಾಸ್ತರರು ಕನ್ನಡಕ ಸರಿಸಿ ನೋಡಿದರು. "ಇದೇನೋ ತಮ್ಮಾ, ಡ್ರಮ್ಮೋ, ನೆನಿ ಹಾಕಿದ ಕಡ್ಲಿ ಬುಟ್ಟಿಯೋ?"

ನಾಟಕದ ಹುಡುಗರೆಲ್ಲ ಗೊಳ್ಳೆಂದರು. ನಾನು ಅಳುತ್ತ ಅಪ್ಪನ ಅಂಗಿ ಜಗ್ಗಿದೆ. "ಅಪ್ಪಾ, ನಾನಽ ತೀರ್ಥ ಹಾಕೀನಿ" ಎಂದೆ.

"ಎಷ್ಟ ಹಾಕಿದ್ಯವ್ವಾ?"

"ಬಟ್ಟಲ ತುಂಬ."

"ದೇವ್ರಿಗೂ ಅಷ್ಟ ಕುಡಸೂದಿಲ್ಲಲೇ ಹುಚ್ಚಿ!" ಎಂದು ಅಕ್ಕ ಹಣೆ ಬಡಿದುಕೊಂಡಳು.

ಅಪ್ಪ ಬೈಯಲಿಲ್ಲ. ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದ, ಅಷ್ಟೇ. ಬೆಂಕಿಗೆ ಹಿಡಿದರೆ ಸಿಡಿಯುತ್ತದೆ, ಬಿಸಿಲಿಗೆ ಇಟ್ಟರೆ ಒಣಗಲು ಸಂಜೆಯಾಗುತ್ತದೆ. ಮಾಸ್ತರರಿಗೆ ಮಧ್ಯಾಹ್ನವೇ ಧಾರವಾಡದ ಬಸ್ಸು. "ಬಿಡೋ, ತಬಲಾ ಐತಿ, ಸಾಕು" ಎಂದು ಅವರು ಪೇಟಿ ಎಳೆದುಕೊಂಡರು.

ಆಗ ಅಕ್ಕ ಏನೂ ತೋಚದೆ, ಗೌಡರ ಮನೆಯ ಮೂಲೆಯಲ್ಲಿದ್ದ ಕಸಬರಿಗೆ ಹಿಡಿದು, ಕೌದಿಯಿಂದ ಉದುರಿದ ದೂಳನ್ನು ಗುಡಿಸತೊಡಗಿದಳು. ಸರ್... ಸರ್... ಅಪ್ಪನ ಕಿವಿ ನೆಟ್ಟಗಾಯಿತು. ತಟ್ಟನೆ ಎದ್ದು ಗೌಡರ ಹೆಂಡತಿಯನ್ನು ಕೇಳಿದ: "ಹೊಸಾ ಕಸಬರಿಗಿ ಐತೇನ್ರಿ ಅಕ್ಕಾರ?"

ಅವರು ಕೊಟ್ಟ ಕಸಬರಿಗೆಯಿಂದ ಕಡ್ಡಿ ಕಿತ್ತು, ಎರಡು ಸಣ್ಣ ಕಟ್ಟು ಮಾಡಿ ದಾರ ಸುತ್ತಿದ. ಮಾಸ್ತರರ ಮುಖ ಕೆಂಪಾಯಿತು. "ಏ, ಪೂಜಿ ಮಾಡಿದ ವಾದ್ಯಕ್ಕ ಕಸಬರಿಗಿ ಹಚ್ಚತೀಯೇನ?"

"ಇನ್ನೂ ಕಸ ಮುಟ್ಟಿಲ್ರಿ ಮಾಸ್ತರ್ರ. ನಮ್ಮ ಗೋವಾದ ಗುರುಗಳ ಕಡೆ ಡ್ರಮ್ ಸವರಾಕ ಹಿಂಥಾದಽ ತಂತಿ ಕುಂಚ ಇತ್ತರಿ. ಒಂದ ಹಾಡು, ಅಷ್ಟಽ ಕೇಳ್ರಿ."

ನಾಟಕದಲ್ಲಿ ಅಣ್ಣ ತಂಗಿಯನ್ನು ಗಂಡನ ಮನೆಗೆ ಕಳಿಸಿಕೊಡುವ ಹಾಡು ಅದು. ಮಾಸ್ತರರು ಒಲ್ಲದ ಮನಸ್ಸಿನಿಂದಲೇ ಪೇಟಿಯ ಮೇಲೆ ಬೆರಳಿಟ್ಟರು. ಅಪ್ಪ ಒಂದು ಕೈಯ ಕಡ್ಡಿಯನ್ನು ಒದ್ದೆ ಚರ್ಮದ ಮೇಲೆ ದುಂಡಗೆ ಆಡಿಸುತ್ತ, ಇನ್ನೊಂದರಿಂದ ಮೆಲ್ಲಗೆ ತಟ್ಟಿದ. ಮೊರದಲ್ಲಿ ಜೋಳ ಕೇರಿದಂಥ ಸಪ್ಪಳ. ಕೂಗಿ ಕೂಗಿ ಹಾಡು ಎತ್ತಿಕೊಂಡಿದ್ದ ಅಣ್ಣನ ಪಾತ್ರದವನು ತಾನಾಗಿಯೇ ದನಿ ಇಳಿಸಿದ. ಬಾಗಿಲಲ್ಲಿ ನಿಂತಿದ್ದ ಗೌಡರ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡರು.

ಹಾಡು ಮುಗಿದ ಮೇಲೂ ಮಾಸ್ತರರು ಪೇಟಿಯ ಮೇಲಿನ ಕೈ ತೆಗೆಯಲಿಲ್ಲ. "ಇನ್ನೊಮ್ಮೆ ಬಾರಸು" ಎಂದರು. ಮೂರು ಸಲ ಬಾರಿಸಿದ ಮೇಲೆ ನನ್ನ ಕಡೆ ಬೆರಳು ತೋರಿ ಅಪ್ಪನಿಗೆ, "ಮುಂದಿನ ತಾಲೀಮಿಗೂ ಈ ಪೂಜಾರಿನ್ನ ಕರಕೊಂಡ ಬಾರೋ" ಎಂದರು. ಅವರು ಹಿಡಿಯಬೇಕಿದ್ದ ಬಸ್ಸು ಆಗಲೇ ಹೋಗಿತ್ತು.

ಆಮೇಲೆ ಅಪ್ಪ ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲ ಕಡೆ ಬಾರಿಸಿದ, ತಲೆ ನೆರೆಯುವವರೆಗೂ ಬಾರಿಸಿದ. ಭಿತ್ತಿಪತ್ರದಲ್ಲಿ ನಾಯಕನ ಹೆಸರಿನ ಕೆಳಗೇ ಅಪ್ಪನ ಹೆಸರು ಇರುತ್ತಿತ್ತು. ನಾನು ಅದನ್ನು ಜೋರಾಗಿ ಓದುತ್ತ ಬಜಾರಿನ ಗೋಡೆಯ ಮುಂದೆ ಬೇಕೆಂದೇ ನಿಲ್ಲುತ್ತಿದ್ದೆ. ತಂತಿ ಕುಂಚ ಕೊಳ್ಳುವಷ್ಟು ಅನುಕೂಲವಾದ ಮೇಲೂ ಆ ಒಂದು ಹಾಡಿಗೆ ಅಪ್ಪ ಕಸಬರಿಗೆ ಕಡ್ಡಿಯನ್ನೇ ಹಿಡಿಯುತ್ತಿದ್ದ.

ಈಗ ನಿಮ್ಮ ಹತ್ತಿರ ಪುಸ್ತಕದಷ್ಟು ದೊಡ್ಡ ರಿದಮ್ ಪ್ಯಾಡ್ ಇದೆ. ಗುಂಡಿ ಒತ್ತಿದರೆ ನೂರು ಡ್ರಮ್ಮಿನ ಸಪ್ಪಳ. ಮೊನ್ನೆ ನೀವು ಅದರಲ್ಲಿ ಒಂದನ್ನು ಒತ್ತಿದಾಗ ಸರ್... ಸರ್... ಎಂದಿತು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದದ್ದು ನೋಡಿ ನಕ್ಕಿರಿ. ಅದಕ್ಕೇ ಇಷ್ಟೆಲ್ಲ ಹೇಳಿದೆ. ನಿಮ್ಮ ಪ್ಯಾಡು ಚೆನ್ನಾಗಿದೆ ಮಕ್ಕಳೇ, ಬಾರಿಸಿ. ಆದರೆ ಅದಕ್ಕೆ ಮಾತ್ರ ತೀರ್ಥ ಕುಡಿಸಬೇಡಿ. ಕುಡಿದ ಮೇಲೂ ಹಾಡುವ ಡ್ರಮ್ಮು ನಮ್ಮಪ್ಪನದೊಂದೇ.