ಪೈಪಿನ ಹಿಡಿ, ಕ್ಯಾನಿನ ಒರೆ

ನನ್ನ ಗಂಡ ಬಹಳ ಕೈಕೆಲಸ ಬಲ್ಲ ಮನುಷ್ಯ ಎಂದು ನಂಬಿರುವವರು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಅಂಥವರ ಅಡುಗೆಮನೆಗೆ ಹೋಗಿ ಚಾಕುಗಳನ್ನು ನೋಡಬೇಕು. ಒಂದಕ್ಕೆ ನೀರಿನ ಪೈಪಿನ ತುಂಡೇ ಹಿಡಿ. ಇನ್ನೊಂದಕ್ಕೆ ಮುರಿದ ಕ್ರಿಕೆಟ್ ಬ್ಯಾಟಿನ ಹಿಡಿ. ಮತ್ತೊಂದಕ್ಕೆ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ, ಅಲಗಿನ ಬುಡಕ್ಕೆ ಎರಡು ಪಕ್ಕ ಇಟ್ಟು, ತಂತಿ ಸುತ್ತಿದ ಹಿಡಿ. ಆ ಚಪ್ಪಲಿ ಹಿಡಿಯ ಚಾಕು ನಮ್ಮ ಮನೆಯದೇ. ಯಾರದೋ ಕಾಲಿನ ಹೆಬ್ಬೆರಳು ಒತ್ತಿ ಒತ್ತಿ ಬಿದ್ದ ಗುಳಿ ಅದರ ಮೇಲೆ ಹಾಗೇ ಇತ್ತು. ಅದನ್ನು ಹಿಡಿದು ನಾನು ದಿನಾ ಈರುಳ್ಳಿ ಹೆಚ್ಚಬೇಕಿತ್ತು.

ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಬರೆಯುವಾಗ ಆ ಖರ್ಚು ಯಾಕೆ?

ತೊಂಬತ್ತರ ದಶಕದ ಮಾತು ಇದು. ನಮ್ಮ ಊರು ಹರದನಹಳ್ಳಿಯ ಪಕ್ಕದ್ದು. ಅವನು ಚಾಮರಾಜನಗರದ ಒಂದು ಆಫೀಸಿನಲ್ಲಿ ಗುಮಾಸ್ತ. ವಾರವೆಲ್ಲ ಫ್ಯಾನಿನ ಕೆಳಗೆ ಕೂತು ಬಂದವನಿಗೆ ಭಾನುವಾರ ಬಂತೆಂದರೆ ಕೈ ತುರಿಸುತ್ತಿತ್ತು. ಸಂತೆಮರಹಳ್ಳಿ ಸಂತೆಯಲ್ಲಿ ಹಿಡಿಯಿಲ್ಲದ ಅಲಗುಗಳನ್ನು ಗುಡ್ಡೆ ಹಾಕಿ ಅಗ್ಗಕ್ಕೆ ಮಾರುತ್ತಿದ್ದರು. ಅಲಗಿನ ಹಿಂದೆ ಇಲಿಬಾಲದಂಥ ಒಂದು ಕಡ್ಡಿ ಇರುತ್ತದೆ. ಆಚಾರಿಗಳಾದರೆ ಅದನ್ನು ಕೆಂಪಗೆ ಕಾಯಿಸಿ ಮರದ ಹಿಡಿಯೊಳಕ್ಕೆ ಇಳಿಸಿ, ಅರಗು ತುಂಬಿ, ಬಾಯಿಗೆ ಒಂದು ಬಳೆ ಬಿಗಿಯುತ್ತಾರೆ. ನನ್ನ ಗಂಡನ ಲೆಕ್ಕದಲ್ಲಿ ಆಚಾರಿಗಳೆಲ್ಲ ಕಳ್ಳರು.

"ಒಂದ್ ಮರದ್ ತುಂಡ್ಗೆ ಕಾಸ್ ಕೊಡದಾ? ಬೇಲೀಲಿ ಬಿದ್ದಿರದೇ ಸಾಕು. ತಲೆ ಬೇಕು, ತಲೆ!" ಎನ್ನುತ್ತಿದ್ದ.

ಆ ತಲೆ ಹೇಗೆ ಕೆಲಸ ಮಾಡುತ್ತಿತ್ತು ಎಂದರೆ, ನನ್ನ ಸೀಮೆಣ್ಣೆ ಸ್ಟೌ ಮೇಲೆ ಪೈಪು ಕಾಯಿಸುವುದು, ಮೆತ್ತಗಾದ ಮೇಲೆ ಅದನ್ನು ನಾನು ಕಾರ ಅರೆಯುವ ಕಲ್ಲಿನ ಕೆಳಗೆ ಇಟ್ಟು ಚಪ್ಪಟೆ ಮಾಡುವುದು, ಅದಕ್ಕೆ ಒರೆ ಎಂದು ಹೆಸರಿಡುವುದು. ಇಡೀ ಮನೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸ್ಟೌ ಬತ್ತಿ ಹಾಳಾದರೆ ಹೊಸ ಬತ್ತಿ ನಾನು ಕೇಳಿ ತರಿಸಬೇಕು. ಆದರೂ ಒರೆ ಮಾತ್ರ ಬಿಟ್ಟಿ. ಬಂದವರಿಗೆಲ್ಲ ಕಾಫಿ ಜೊತೆ ಒಂದು ಚಾಕು, ಅದಕ್ಕೊಂದು ಒರೆಯನ್ನೂ ಕೊಟ್ಟು ಕಳಿಸುತ್ತಿದ್ದ. ಅವರು ಹೊಗಳುತ್ತಿದ್ದರು. ಬಿಟ್ಟಿ ಸಿಕ್ಕಿದ್ದನ್ನು ಹೊಗಳದೆ ಇನ್ನೇನು ಮಾಡುತ್ತಾರೆ?

ನನ್ನ ತವರು ಗುಂಡ್ಲುಪೇಟೆಯ ಕಡೆ. ಒಂದು ಸಲ ತವರಿನವರೆಲ್ಲ ಸೇರಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಇಳಿದು ಬಂದು, ದಾರಿಯಲ್ಲಿ ಒಂದು ಮರದ ನೆರಳಿಗೆ ಕೂತು ಕಲ್ಲಂಗಡಿ ಹಣ್ಣು ತೆಗೆದೆವು. ಇವನು ಸೊಂಟದಿಂದ ತನ್ನ ಚಾಕು ಎಳೆದ. ಪಾಳೇಗಾರ ಕತ್ತಿ ಹಿರಿದ ಹಾಗೆ ಎಲ್ಲರ ಮುಖ ಒಂದು ಸುತ್ತು ನೋಡಿ ಹಣ್ಣಿಗೆ ಹಾಕಿದ. ಅಲಗು ಹಣ್ಣಿನಲ್ಲಿ ಉಳಿಯಿತು, ಬ್ಯಾಟಿನ ಹಿಡಿ ಕೈಯಲ್ಲಿ ಉಳಿಯಿತು.

"ಭಾವ, ಅರ್ಧ ನಿಮ್ಗೆ, ಅರ್ಧ ಹಣ್ಣಿಗೆ!" ಎಂದ ನನ್ನ ತಮ್ಮ. ನಗು ತಡೆಯಲು ನಮ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಹಣ್ಣೇ ಸರಿಯಿಲ್ಲ ಕಣ. ಸಿಪ್ಪೆ ಗಟ್ಟಿ ಅದೆ," ಎಂದ ನನ್ನ ಗಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವತ್ತು ನಾನೂ ನಕ್ಕೆ. ಇವನು ಮಾಡುವುದು ನಗೆಪಾಟಲಿನ ಕೆಲಸವಷ್ಟೇ, ಇದರಿಂದ ಯಾರಿಗೂ ಕೇಡಿಲ್ಲ ಎಂದುಕೊಂಡಿದ್ದೆ.

ನಮ್ಮ ಅತ್ತೆಯ ಜೀವ ಇದ್ದದ್ದು ರೇಷ್ಮೆ ಹುಳುವಿನಲ್ಲಿ. ಮನೆಯ ಹಿಂದೆ ಒಂದು ಉದ್ದನೆಯ ಹುಳುಮನೆ, ಊರಾಚೆ ಹಿಪ್ಪುನೇರಳೆ ತೋಟ. ಮೊಟ್ಟೆಯೊಡೆದು ಬಂದ ಹೊಸದರಲ್ಲಿ ಹುಳು ಎಳ್ಳುಕಾಳಿಗಿಂತ ಸಣ್ಣ. ಅದಕ್ಕೆ ಚಾಕಿ ಹುಳು ಎನ್ನುತ್ತಾರೆ. ಚಿಗುರು ಸೊಪ್ಪನ್ನೇ ಆರಿಸಿ ತಂದು, ಮೆಂತ್ಯದ ಸೊಪ್ಪಿಗಿಂತ ಸಣ್ಣಗೆ ಹೆಚ್ಚಿ ಉದುರಿಸಬೇಕು. ಹೆಚ್ಚುವುದಕ್ಕೇ ಅತ್ತೆಯ ಹತ್ತಿರ ಒಂದು ಅಗಲವಾದ, ಉದ್ದನೆಯ ಚಾಕು. ಅದರಲ್ಲಿ ಬೇರೆ ಏನನ್ನೂ ಕೊಯ್ಯುವ ಹಾಗಿಲ್ಲ. ಹುಳುಮನೆಗೆ ಕೈಕಾಲು ತೊಳೆಯದೆ ಯಾರೂ ಹೋಗುವ ಹಾಗಿಲ್ಲ. ಬೀಡಿ ಸೇದಿದವರು, ಹೊಗೆಸೊಪ್ಪು ಹಾಕಿದವರು ಬಾಗಿಲ ಹತ್ತಿರವೂ ನಿಲ್ಲುವ ಹಾಗಿಲ್ಲ. ಮುಟ್ಟಾದವರಂತೂ ಆ ಕಡೆ ತಲೆ ಹಾಕುವಂತಿಲ್ಲ. ಆ ಮೂರು ದಿನ ನಾನು ಹಿಂದಿನ ಜಗಲಿಯಲ್ಲಿ ಕೂರುತ್ತಿದ್ದೆ.

ಚಾಕಿ ಹುಳುವನ್ನು ಎಲ್ಲರ ಕೈಗೂ ಕೊಡುವುದಿಲ್ಲ. ಅದಕ್ಕೆ ಕೈಗುಣ ಬೇಕು ಎನ್ನುತ್ತಾರೆ. ಒಬ್ಬ ಹೆಂಗಸಿನ ಕೈಯಲ್ಲಿ ಹುಳು ಚೆನ್ನಾಗಿ ಬೆಳೆದರೆ ಬೀದಿಯವರೆಲ್ಲ ಅವಳನ್ನು ಕರೆಯುತ್ತಾರೆ. ಕೈ ಕೆಟ್ಟದ್ದು ಎಂದು ಹೆಸರು ಬಂತೋ, ಯಾರ ಹುಳುಮನೆಯೂ ಅವಳಿಗೆ ಬಾಗಿಲು ತೆಗೆಯುವುದಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷಗಳೇ ಆಗಿದ್ದರೂ ಸೊಪ್ಪು ಹೊತ್ತು ತರುವುದು, ಕಸ ತೆಗೆಯುವುದು ಅಷ್ಟೇ ನನ್ನ ಪಾಲಿಗಿತ್ತು. ಕೊನೆಗೆ ಒಂದು ಬೆಳೆಗೆ ಅತ್ತೆ ಕರೆದು, "ಈ ಸಲ ಚಾಕಿ ನೀನೇ ನೋಡ್ಕೊ ಕಣಮ್ಮಿ. ನಂಗೆ ರಟ್ಟೆ ನೋವು," ಎಂದರು. ನನಗೆ ಒಡವೆ ಮಾಡಿಸಿಕೊಟ್ಟಿದ್ದರೂ ಅಷ್ಟು ಸಂತೋಷ ಆಗುತ್ತಿರಲಿಲ್ಲ.

ಸೊಪ್ಪು ಹೆಚ್ಚುವ ಆ ಚಾಕುವಿನ ಮರದ ಹಿಡಿ ಬಿರುಕು ಬಿಟ್ಟಿತ್ತು. ಆಚಾರಿ ಹತ್ತಿರ ಕೊಟ್ಟು ಬಾ ಎಂದು ಅತ್ತೆ ಮಗನಿಗೆ ಹೇಳಿದರು. ಅಷ್ಟು ಸಾಕಾಯಿತು. ಅವನು ಆಚಾರಿಯ ಮನೆಗೆ ಹೋಗುವನೇ? ಪೈಪಿನ ತುಂಡಿಗೆ ಗೋಣಿದಾರ ತುರುಕಿ ಹಿಡಿ ಮಾಡಿದ. ಜೊತೆಗೆ, ನಮ್ಮ ಮಗು ಅಂಬೆಗಾಲಿಡುತ್ತಿದೆ, ಅಲಗು ಬಿಚ್ಚಿಡಬಾರದು ಎಂದು ಒಂದು ಒರೆಯನ್ನೂ ಹೊಲಿದ. ಮೇಲೆ ಹಳೆಯ ಸ್ಕೂಟರ್ ಸೀಟಿನ ಕಪ್ಪು ರೆಕ್ಸಿನ್ ಅಂಟಿಸಿದ. ಚರ್ಮದ್ದೇ ಇರಬೇಕು ಎಂದು ನೋಡಿದವರೆಲ್ಲ ಅಂದರು. ಮಗುವಿನ ಮೇಲೆ ಅವನಿಗಿದ್ದ ಅಕ್ಕರೆ ನೋಡಿ ನನಗೂ ಒಂದು ಗಳಿಗೆ ಮನಸ್ಸು ಕರಗಿತ್ತು. ಆ ಗಳಿಗೆ ನೆನೆದರೆ ಈಗ ಮೈ ಉರಿಯುತ್ತದೆ.

ಪೈಪಿನ ಹಿಡಿ ಕೈಯಲ್ಲಿ ತಿರುಗುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಬಂದವು. ಆದರೂ ನಾನು ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಿದೆ ಎಂದರೆ ಅತ್ತೆಯೇ ಬೆರಳಲ್ಲಿ ಮುಟ್ಟಿ ನೋಡಿ ತಲೆಯಾಡಿಸಿದರು. ಹುಳು ಮೊದಲನೇ ಜ್ವರಕ್ಕೆ ಕೂರಬೇಕು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಮ್ಮವು ಜ್ವರಕ್ಕೆ ಕೂರಲೇ ಇಲ್ಲ. ಬೆಳಿಗ್ಗೆ ತಟ್ಟೆಯ ಮೇಲಿನ ಕಾಗದ ಸರಿಸಿದರೆ ಹುಳುಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಬಾಯಲ್ಲಿ ಹಸಿರು ನೀರು. ಮಧ್ಯಾಹ್ನದ ಹೊತ್ತಿಗೆ ಮುದುಡಿ ಕಪ್ಪಗಾದವು. ಎಲ್ಲ ತಟ್ಟೆಗಳಲ್ಲೂ ಅದೇ ಕಥೆ. ಅತ್ತೆ ಹುಳುಮನೆಯ ಹೊಸ್ತಿಲ ಮೇಲೆ ಕೂತು ಅತ್ತರು. ನಾನು ಬಾಗಿಲ ಹೊರಗೆ ನಿಂತು ಅತ್ತೆ.

ಸಂಜೆಗೆ ಬೀದಿ ನಲ್ಲಿಯ ತೊಂಬೆಯ ಹತ್ತಿರ ನೀರಿಗೆ ಹೋದರೆ ಮಾತು ಆಗಲೇ ಅಲ್ಲಿತ್ತು. "ಮುಟ್ಟಾಗಿದ್ರೂ ಮುಚ್ಚಿಟ್ಕಂಡು ಒಳೀಕ್ ಓಗವ್ಳೆ. ಇಲ್ದಿದ್ರೆ ಒಂದೇ ಸಲಕ್ಕೆ ಅಷ್ಟು ಉಳ ಸಾಯ್ತವಾ?" ನಾನು ಬಿಂದಿಗೆ ಇಟ್ಟರೆ ಪಕ್ಕದವಳು ತನ್ನ ಬಿಂದಿಗೆ ಎತ್ತಿಕೊಂಡಳು. ಇಲ್ಲ ಎಂದು ಹೇಗೆ ತೋರಿಸುವುದು? ಅಂಥ ಮಾತಿಗೆ ಯಾವ ಹೆಂಗಸಾದರೂ ಬೀದಿಯಲ್ಲಿ ನಿಂತು ಸಾಕ್ಷಿ ಕೊಡುತ್ತಾಳೆಯೇ? ಜಗಲಿಯ ಮೇಲೆ ಗಂಡಸರು ನನ್ನ ಗಂಡನನ್ನು, ಏನಾಯ್ತು ಎಂದು ಕೇಳಿದರು. ಅವನು ಹೇಳಿದ್ದು ನಾನು ಬಾಗಿಲ ಸಂದಿನಿಂದ ಕೇಳಿಸಿಕೊಂಡೆ.

"ಎಂಗುಸ್ರ ಇಸ್ಯ ಬುಡಿ. ನಮ್ಗೇನ್ ಗೊತ್ತಾಯ್ತದೆ?"

ಮಾರನೇ ದಿನ ಚಾಕು ತೊಳೆದು ಒರೆಗೆ ಹಾಕಲು ಹೋದೆ. ಒರೆಯ ಬಾಯಿಂದ ಒಂದು ಘಾಟು ಬಂತು. ಬಾಳೆತೋಟದಲ್ಲಿ ಔಷಧಿ ಹೊಡೆಯುವ ದಿನ ಗಾಳಿಗೆ ಬರುತ್ತದಲ್ಲ, ಅದೇ. ಅಲ್ಲಿಯವರೆಗೆ ಅದನ್ನು ರೆಕ್ಸಿನ್ ಅಂಟಿನ ವಾಸನೆ ಎಂದುಕೊಂಡಿದ್ದೆ. ಮೇಲಿನ ರೆಕ್ಸಿನ್ ಕಿತ್ತೆ. ಕೆಳಗೆ ಬಿಳಿ ಕ್ಯಾನಿನ ಪ್ಲಾಸ್ಟಿಕ್, ಅದರ ಮೇಲೆ ಅರ್ಧ ಹರಿದ ಲೇಬಲ್, ಅದರಲ್ಲಿ ಕೆಂಪು ತ್ರಿಕೋನ, ತಲೆಬುರುಡೆ. ಪಕ್ಕದ ತೋಟದವರು ಖಾಲಿ ಮಾಡಿ ಬೇಲಿಗೆ ಎಸೆದ ವಿಷದ ಕ್ಯಾನು ಅದು. ಹುಳುಮನೆಗೆ ಬೀಡಿಯ ಹೊಗೆ ಕೂಡ ಆಗದು ಎಂದು ಆಡುವ ವಯಸ್ಸಿನಿಂದ ಕಂಡವನು, ಸೊಪ್ಪಿನ ಚಾಕುವನ್ನು ವಿಷದ ಕ್ಯಾನಿನಲ್ಲಿ ಮಲಗಿಸಿದ್ದ.

ಅವನು ಊಟಕ್ಕೆ ಕೂತಿದ್ದ. ಮುದ್ದೆಯ ತಟ್ಟೆಯ ಪಕ್ಕ ಒರೆ ಇಟ್ಟೆ. ನೋಡಿದ ಕೂಡಲೇ ಅವನ ಮುಖ ಇಳಿಯಿತು. ಅವನಿಗೆ ಆಗಲೇ ಗೊತ್ತಿತ್ತು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಸೋಪಾಕಿ ತೊಳ್ದಿದ್ದೆ," ಎಂದ. ಆಮೇಲೆ ದನಿ ತಗ್ಗಿಸಿ, "ಯಾರ್ಗೂ ಏಳ್ಬ್ಯಾಡ. ನಿಂಗಾದ್ರೆ ನಾಕ್ ದಿನ ಅಂತರೆ, ಮರ್ತೋಯ್ತರೆ. ನಂಗಾದ್ರೆ ಜೀವ್ಮಾನ ಪೂರ್ತಿ ಆಡ್ಕತರೆ," ಎಂದ. ಹೇಳಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ನಾನು ಆ ಗಂಟಲನ್ನೇ ನೋಡುತ್ತಾ ನಿಂತೆ. ಮದುವೆಯಾದಾಗಿನಿಂದ ಇವನನ್ನು ಪೆದ್ದ ಎಂದುಕೊಂಡಿದ್ದೆ. ಇವನು ಪೆದ್ದನಲ್ಲ, ನೀಚ.

ಒರೆಯನ್ನು ಅತ್ತೆಗೆ ತೋರಿಸಿದೆ. ಅವರು ತುಂಬ ಹೊತ್ತು ಆ ಬುರುಡೆಯ ಗುರುತನ್ನೇ ನೋಡಿದರು. ಓದು ಬಾರದಿದ್ದರೂ ಆ ಗುರುತು ಅವರಿಗೆ ಗೊತ್ತಿತ್ತು. ಎದ್ದು ಹೋಗಿ ಅದನ್ನು ನೀರೊಲೆಗೆ ಹಾಕಿಬಿಟ್ಟರು. "ಗಂಡುಸ್ನ ಮರ್ವಾದಿ ಕಣಮ್ಮಿ. ಬುಟ್ಬುಡು," ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ಅಲ್ಲಿಯವರೆಗೆ ನಾನು ಬರೀ ಗಾದೆ ಎಂದುಕೊಂಡಿದ್ದೆ.

ಮುಂದಿನ ಬೆಳೆಗೆ ಅತ್ತೆ ಏನೂ ಆಗದವರ ಹಾಗೆ ಚಾಕು ತಂದು ನನ್ನ ಮುಂದೆ ಇಟ್ಟರು. ಅಲಗನ್ನು ಬೂದಿ ಹಾಕಿ ಉಜ್ಜಿ ಬಿಸಿನೀರಲ್ಲಿ ತೊಳೆದಿದ್ದರು. ನಾನು ಮುಟ್ಟಲಿಲ್ಲ.

"ತೊಂಬೆ ಅತ್ರ ನಿಂತ್ಕಂಡು ಒಂದ್ ಮಾತ್ ಏಳ್ಬುಡಿ ಅತ್ತೆ, ಉಳ ಸತ್ತಿದ್ದು ನನ್ ಮಗನ್ ಕೆಲ್ಸದಿಂದ ಅಂತ. ಆಮೇಕೆ ಇಡ್ಕತೀನಿ."

ಅವರು ಹೇಳಲಿಲ್ಲ. ನಾನು ಹಿಡಿಯಲಿಲ್ಲ. ಅತ್ತೆಗೆ ರಟ್ಟೆ ಏಳುತ್ತಿರಲಿಲ್ಲ. ಹಾಗಾಗಿ ಹೆಂಗಸರ ವಿಷಯ ಎಂದಿದ್ದವನ ತಲೆಗೇ ಆ ಕೆಲಸ ಬಂತು. ಬೆಳಿಗ್ಗೆ ಬಸ್ಸಿಗೆ ಮುಂಚೆ, ಸಂಜೆ ಬಸ್ಸು ಇಳಿದ ಮೇಲೆ, ಚಕ್ಕಳ ಮಕ್ಕಳ ಹಾಕಿ ಕೂತು ಸೊಪ್ಪು ಹೆಚ್ಚುತ್ತಿದ್ದ. ಪೈಪಿನ ಹಿಡಿ ಅವನ ಕೈಯಲ್ಲೂ ತಿರುಗುತ್ತಿತ್ತು. ಬೊಬ್ಬೆ ಒಡೆದು ಆಫೀಸಿನಲ್ಲಿ ಪೆನ್ನು ಹಿಡಿಯಲಾಗದೆ ಒದ್ದಾಡಿದ. ಅದನ್ನು ನೋಡಿ ನನಗೆ ಅಯ್ಯೋ ಎನಿಸಿತೇ ಎಂದು ಕೇಳಿದರೆ, ಇಲ್ಲ. ತಲೆ ಬೇಕು ಎನ್ನುತ್ತಿದ್ದನಲ್ಲ, ತಲೆಯಲ್ಲೇ ಹೆಚ್ಚಿಕೊಳ್ಳಲಿ ಎಂದುಕೊಂಡೆ. ಆದರೆ ಬೀದಿಯವರ ಬಾಯಲ್ಲಿ ನನ್ನ ಹೆಸರು ಹಾಗೇ ಇತ್ತು. ಅವರ ಮನೆಗಳಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ, ಅವನ್ನು ಆರಿಸಲು ಎಲ್ಲ ಹೆಂಗಸರನ್ನೂ ಕರೆಯುತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೀಗೇ ಕೆಲವು ಬೆಳೆ ಕಳೆದವು. ಒಂದು ಸಂತೆಯ ದಿನ ಅವನು ನನಗೆ, "ಬರ್ವಾಗ ಆಚಾರಿ ಅಂಗ್ಡಿ ತಾವ ಓಗು. ಚಾಕು ಕೊಟ್ಟಿವ್ನಿ," ಎಂದ. ಕೊನೆಗೂ ಆ ಕಳ್ಳನ ಬಳಿಗೇ ಹೋಗಿದ್ದನಲ್ಲ ಎಂದು ಒಳಗೇ ನಕ್ಕು ಸಂತೆಮರಹಳ್ಳಿಗೆ ಹೋದೆ. ನಮ್ಮ ಬೀದಿಯ ಹೆಂಗಸರೂ ಅದೇ ಬಸ್ಸಿನಲ್ಲಿ ಬಂದಿದ್ದರು. ಆಚಾರಿಯ ಅಂಗಡಿಯ ಮುಂದೆಯೇ ಮೆಣಸಿನಕಾಯಿ ಚೌಕಾಸಿ ಮಾಡುತ್ತಾ ನಿಂತಿದ್ದರು.

ಆಚಾರಿ ಹಿಡಿಯಿಲ್ಲದ ಅಲಗನ್ನು ಎತ್ತಿ ತೋರಿಸಿದ. ಹಿಡಿ ಕೂರಿಸುವ ಮುಂಚೆ ಹಿಡಿಯುವವರ ಮುಷ್ಟಿಯ ಅಳತೆ ತೆಗೆಯುವುದು ಅವರ ಪದ್ಧತಿ.

"ಬನ್ನಿ ತಾಯಿ, ಈ ಕಟ್ಗೆ ಇಡ್ಕಳಿ, ಅಳ್ತೆ ನೋಡಮ. ನಿಮ್ಮೆಜಮಾನ್ರು ಏಳವ್ರೆ. ನಿಮ್ ಕೈ ಬಾಳ ನಾಜೂಕಂತೆ. ಅವ್ರು ಅಷ್ಟು ಚೆಂದಾಗ್ ಮಾಡ್ಕೊಟ್ಟಿದ್ ಹಿಡಿ ನಿಮ್ಗೆ ಒಗ್ನಿಲ್ವಂತೆ."

ಅಲ್ಲಿಯವರೆಗೆ ತಡೆದುಕೊಂಡಿದ್ದೆಲ್ಲ ಅಲ್ಲಿ ಬಂತು. ಮುಷ್ಟಿ ಬಿಚ್ಚಿ ನನ್ನ ಅಂಗೈಯನ್ನು ಆಚಾರಿಗೆ ತೋರಿಸಿದೆ. ಆ ಚಾಕು ಮುಟ್ಟದೆ ಬೊಬ್ಬೆಯ ಕಲೆಯೆಲ್ಲ ಮಾಸಿಹೋಗಿದ್ದ ಅಂಗೈ. ಕ್ಯಾನು, ಬುರುಡೆ, ರೆಕ್ಸಿನ್, ಸತ್ತ ಹುಳು, ಮುದ್ದೆ ನುಂಗುತ್ತಾ ಅವನು ಹೇಳಿದ ಮಾತು, ಒಂದನ್ನೂ ಬಿಡದೆ ಹೇಳಿದೆ. ಸಂತೆಯ ಗದ್ದಲಕ್ಕೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಮೆಣಸಿನಕಾಯಿ ಮುಂದೆ ನಿಂತಿದ್ದವರು ಚೌಕಾಸಿ ನಿಲ್ಲಿಸಿದರು. ತೊಂಬೆಯ ಹತ್ತಿರ ಬಿಂದಿಗೆ ಎತ್ತಿಕೊಂಡಿದ್ದವಳೂ ಅವರಲ್ಲಿದ್ದಳು.

ಆಚಾರಿ ಕಟ್ಟಿಗೆಯನ್ನು ಹಾಗೇ ಹಿಡಿದುಕೊಂಡು ಕೇಳಿದ, "ಅಂಗಾರೆ ಇದ ಯಾರ್ ಕೈ ಅಳ್ತೆಗ್ ಮಾಡ್ಲಿ ತಾಯಿ?"

"ಅವ್ರ್ ಕೈಗೇ ಮಾಡಿ," ಎಂದೆ. "ಗಟ್ಯಾಗ್ ಮಾಡಿ. ಜೀವ್ಮಾನ ಪೂರ್ತಿ ಬಾಳ್ಕೆ ಬರ್ಬೇಕು."